ಕೆಮ್ಮಿಲ್ಲ ಎಂದೆ

ಜುಲೈ 10, ಗುರುವಾರ. ಬೇಲೂರು

ತಿಂಡಿ ಆದ ಮೇಲೆ ಅಧ್ಯಯನದ ಮಾತ್ರೆ. ಬಿ.ಪಿ.ಗೆ ಮೂರು ಮಾತ್ರೆಯ ಬದಲು ಒಂದೇ ಸಾಕಾಗುತ್ತದೆಯೇ ಎಂದು ಅರಸೀಕೆರೆಯ ಸರ್ಕಾರಿ ಆಸ್ಪತ್ರೆಯಲ್ಲಿ ನೋಡುತ್ತಿದ್ದಾರೆ. ನಾನೂ ಸೇರಿದ್ದೇನೆ. ರಿಟೈರ್ ಆದ ಟೈಪಿಸ್ಟಿಗೆ ಬೇರೆ ಕೆಲಸವೇನು.

ಆಮೇಲೆ ಮೇಘಶ್ರೀ ಫೋನ್. ಅಧ್ಯಯನದ ನರ್ಸ್. ಪ್ರತಿ ಗುರುವಾರ ಮಾಡುತ್ತಾಳೆ. "ಚೆಲುವಾಂಬ ಮೇಡಂ, ನಿದ್ದೆ ಬರ್ತಿದ್ಯಾ? ಊಟ ಸೇರ್ತಾ?" ಅಮ್ಮ ಹೋದ ಮೇಲೆ ಈ ಮನೆಯಲ್ಲಿ ಇದನ್ನು ಕೇಳುವವರಿಲ್ಲ. ನುಗ್ಗೆಸೊಪ್ಪಿನ ಪಲ್ಯದ ಕಥೆ ಎಳೆದೆ. ಪಾಪ, ಕೇಳಿಸಿಕೊಂಡಳು.

ಜುಲೈ 24

ಒಣ ಕೆಮ್ಮು. ಮಲಗಿದರೆ ಜಾಸ್ತಿ. ಕೆಲವರಿಗೆ ಹೀಗಾಗುತ್ತದೆ, ಆದರೆ ತಕ್ಷಣ ಹೇಳಿ ಎಂದು ಸೇರುವಾಗಲೇ ಡಾಕ್ಟರ್ ಬಿಡಿಸಿ ಹೇಳಿದ್ದರು.

ಹೇಳಿದರೆ ಮಾತ್ರೆ ನಿಲ್ಲಿಸುತ್ತಾರೆ. ಮಾತ್ರೆ ನಿಂತರೆ ಫೋನೂ ನಿಲ್ಲುತ್ತದೆ...

ಬಿಸಿನೀರು ಕುಡಿದು, ಬಾಯಲ್ಲಿ ಲವಂಗ ಇಟ್ಟುಕೊಂಡು ಕಾದೆ. "ಕೆಮ್ಮು ಗಿಮ್ಮು?" "ಇಲ್ಲಮ್ಮ." ಫೋನಿಟ್ಟು, ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದೆ.

ಆಗಸ್ಟ್ 21

ಇವತ್ತೂ ಇಲ್ಲ ಎಂದೆ. ಮೇಘಶ್ರೀಗೆ ಮದುವೆ ಗೊತ್ತಾಗಿದೆಯಂತೆ. ನನಗೂ ಹೇಳಿದಳು. ದಿನವಿಡೀ ಅದೇ ಖುಷಿ.

ಸೆಪ್ಟೆಂಬರ್ 12, ಸಂಜೆ

ತಪಾಸಣೆಗೆ ಅರಸೀಕೆರೆಗೆ ಹೋಗಿದ್ದೆ. ಬೆಂಚಿನಲ್ಲಿ ಪಕ್ಕಕ್ಕೆ ಹಳೇಬೀಡಿನ ರುದ್ರಮ್ಮ, ಕೊಬ್ಬರಿ ವ್ಯಾಪಾರದ ಮನೆಯವರು. ಅವರೂ ಈ ಅಧ್ಯಯನದಲ್ಲಿದ್ದವರೇ. ಬಾಯಿಗೆ ಸೆರಗು ಹಿಡಿದು ಕೆಮ್ಮುತ್ತಿದ್ದರು.

"ಮಾತ್ರೆದೇ ಇರ್ಬೇಕು ಅಂತ ಮೊನ್ನೆ ನಿಲ್ಸವ್ರೆ. ಕೆಮ್ಮು ಹೋಗಾಕೆ ದಿನ ಹಿಡೀತದಂತೆ. ಸೊಸೆ ನಂಬಾಕಿಲ್ಲ. ಟಿ.ಬಿ. ಅಂತಾಳೆ. ಪರೀಕ್ಷೇಲಿ ಏನೂ ಇಲ್ಲ ಅಂದ್ರೂ ಅಷ್ಟೇಯ. ಮಾತ್ರೆದಾದ್ರೆ ಬ್ಯಾರೆ ಯಾರ್ಗೂ ಯಾಕೆ ಬಂದಿಲ್ಲ ಅಂತಾಳೆ. ಮಗೀನ ನನ್ ಕೈಗೆ ಕೊಡಾಕಿಲ್ಲ." ಸೆರಗು ಇಳಿಸಿ, "ನಿಮ್ಗೇನಾರ ಬಂತಾ ಅಕ್ಕಾ?"

"ಇಲ್ಲ" ಎಂದೆ. ಬಾಯಿಗೆ ಅದೇ ಅಭ್ಯಾಸ. ಒಳಗೆ ಡಾಕ್ಟರಿಗೂ ಇಲ್ಲ ಎಂದೆ.

ವಾಪಸು ಒಂದೇ ಬಸ್ಸು, ಒಂದೇ ಸೀಟು. ಜಾವಗಲ್ ದಾಟಿದ ಮೇಲೆ ತಡೆಯಲಾಗಲಿಲ್ಲ. ಕೆಮ್ಮಿದೆ, ಕೆಮ್ಮಿದೆ. ರುದ್ರಮ್ಮ ಬೆನ್ನು ಸವರುತ್ತಿದ್ದವರು ಕೈ ನಿಲ್ಲಿಸಿದರು.

"ಯಾವಾಗಿಂದ?"

"ಜುಲೈಯಿಂದ."

"ಮತ್ತೆ ನಂಗ್ಯಾಕೆ ಇಲ್ಲ ಅಂದ್ರಿ?"

ಒಂದು ಫೋನಿಗೋಸ್ಕರ ಎಂದು ಹೇಗೆ ಹೇಳಲಿ. ಎದ್ದು ಮುಂದಿನ ಸೀಟಿಗೆ ಹೋದರು. ಹಳೇಬೀಡಿನಲ್ಲಿ ತಿರುಗಿ ನೋಡದೆ ಇಳಿದರು.

ಸೆಪ್ಟೆಂಬರ್ 13

ನಾನೇ ಮೇಘಶ್ರೀಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯಲಿಲ್ಲ. "ಇವತ್ತಿಂದ ಆ ಮಾತ್ರೆ ಬೇಡ ಮೇಡಂ. ಸೋಮವಾರ ಬನ್ನಿ, ಬೇರೆ ಬರ್ದು ಕೊಡ್ತಾರೆ."

"ಇನ್ನು ಫೋನ್ ಮಾಡಲ್ವಾ?"

"ಮಾಡ್ತೀವಿ ಮೇಡಂ. ಮಾತ್ರೆ ಬಿಟ್ಟೋರಿಗೂ ಕೊನೇವರೆಗೂ ಮಾಡ್ಲೇಬೇಕು, ರೂಲ್ಸು."

ಮಾಡಲೇಬೇಕು. ಇಷ್ಟು ದಿನ ಅದನ್ನೇ ಏನೋ ಅಂದುಕೊಂಡಿದ್ದೆ.

ಸೆಪ್ಟೆಂಬರ್ 18

ಗುರುವಾರ. ಫೋನ್ ಬಂತು. "ಕೆಮ್ಮಿದೆ, ಸ್ವಲ್ಪ ಕಡಿಮೆ" ಎಂದೆ. ಅಷ್ಟೇ ಮಾತು.

ಸೆಪ್ಟೆಂಬರ್ 21, ಭಾನುವಾರ

ಹಳೇಬೀಡಿಗೆ ಹೋಗಿಬಂದೆ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಕೇಳಿದೆ, ಮನೆ ತೋರಿಸಿದರು. ಸೊಸೆ ಸಿಂಧು ಬಾಗಿಲಿಗೆ ಬಂದಳು, ಸೊಂಟದ ಮೇಲೆ ಮಗು. ಒಳಗೆ ಕರೆಯುವ ಮೊದಲೇ ಹೇಳಿಬಿಟ್ಟೆ. "ನಾನೂ ಅದೇ ಮಾತ್ರೆ ತಗೊಳ್ತಿದ್ದೆ. ನನಗೂ ಇದೇ ಕೆಮ್ಮು. ಯಾರಿಗೂ ಹೇಳದೆ ಮುಚ್ಚಿಟ್ಟಿದ್ದೆ ಕಣಮ್ಮ. ನಿಮ್ಮತ್ತೆ ಹೇಳಿದ್ದು ಸುಳ್ಳಲ್ಲ."

ನನಗೆ ಆಗಲೇ ಕೆಮ್ಮು ಬಂತು. ಈ ಸಲ ತಡೆಯಲಿಲ್ಲ. ಸಿಂಧು ನನ್ನನ್ನು ಒಳಗೆ ಕೂರಿಸಿ, ಮಗುವನ್ನು ಅತ್ತೆಯ ತೊಡೆಯ ಮೇಲೆ ಬಿಟ್ಟು, ನನಗೆ ನೀರು ತಂದಳು.

ಮಗು ಮೊದಲು ಅತ್ತಿತು. ಆಮೇಲೆ ಅಜ್ಜಿಯ ಬಳೆ ಹಿಡಿದುಕೊಂಡು ಸುಮ್ಮನಾಯಿತು. ರುದ್ರಮ್ಮ ಬಹಳ ಹೊತ್ತು ನನ್ನ ಕಡೆ ನೋಡಲಿಲ್ಲ. ನಾನು ಎದ್ದಾಗ, "ಕೂತ್ಕಳಿ, ಬಸ್ಸು ಇನ್ನೂ ಐತೆ" ಎಂದರು. ಮಗುವಿನ ತಲೆ ನೇವರಿಸುತ್ತಾ ಕೇಳಿದರು: "ಬೇಲೂರಲ್ಲಿ ಮನೇಲಿ ಯಾರ್ಯಾರಿದ್ದೀರಿ?"

ನಾನೊಬ್ಬಳೇ ಎಂದರೆ ಮುಗಿಯುತ್ತಿತ್ತು. ಅಷ್ಟು ಹೇಳುವುದಕ್ಕೆ ಬಾಯಿ ತೆರೆದವಳು, ಅಮ್ಮ ಹೋದದ್ದರಿಂದ ಹಿಡಿದು ಗುರುವಾರದ ಫೋನಿನ ತನಕ ಎಲ್ಲ ಹೇಳಿಬಿಟ್ಟೆ.