ಏಳು ತಂದೆಯರ ಬಾಗಿಲು

2009 ಅಕ್ಟೋಬರ್ 6, ಸಂಜೆ

ಔಷಧಿ ಅಂಗಡಿಯಿಂದ ಬಂದು, ಚಹಾಕ್ಕಿಟ್ಟು, ಫೋರಂ ತೆರೆದೆ. ಹೊಸಬರ ಸಾಲು ಕಾಯುತ್ತಿದೆ. ಕುಲದ ಫೋರಂ ಇದು, ಸಂತೆಯಲ್ಲ. ಏಳು ತಲೆಮಾರಿನ ತಂದೆಯರ ಹೆಸರು ಸರಿಯಾಗಿ ಬರೆದವರಿಗೆ ಮಾತ್ರ ಒಳಗೆ ಓದುವ, ಬರೆಯುವ ಪರ್ಮಿಷನ್. ಉಳಿದವರಿಗೆ ಮುಖಪುಟ. ಕಜಕ್ ಆಗಿ ಹುಟ್ಟಿ ಏಳು ಹೆಸರು ಬಾರದಿದ್ದರೆ ಇನ್ನೇನು ಬರುತ್ತದೆ?

ಶಿಮ್ಕೆಂತಿನ ಹುಡುಗ ಐದಕ್ಕೇ ನಿಂತ. ವಾಪಸ್. ಒಬ್ಬಳು ಗಂಡನ ಕಡೆಯವರನ್ನು ಬರೆದಿದ್ದಾಳೆ, ಜಾಣೆ. ವಾಪಸ್. ಆಮೇಲೆ ಕರಗಂದಾದ ಪಾವೆಲ್ ಮಾಯೆವ್. ಎಂಬತ್ತರ ಮುದುಕರಂತೆ, ಮೊಮ್ಮಗಳು ಜನಾರ್ ಟೈಪ್ ಮಾಡಿದ್ದಾಳೆ. ‘ಒಂದು ಹೆಸರೂ ಗೊತ್ತಿಲ್ಲ. ಮೂವತ್ತರ ದಶಕದ ಹಸಿವಿನ ವರ್ಷಗಳಲ್ಲಿ ಅನಾಥಾಲಯ ಸೇರಿದವನು. ಈ ಹೆಸರೂ ಅವರಿಟ್ಟದ್ದೇ. ನಿಮ್ಮ ಮೆರ್ಕೆ ಊರಿನ ಕಡೆಯವನಿರಬೇಕು. ಬಲಗಿವಿಯಲ್ಲಿ ತೂತಿದೆ, ಅದೊಂದೇ ಗುರುತು. “ಕಳೆದುಹೋದವರು” ವಿಭಾಗ ಒಮ್ಮೆ ಓದಬಹುದೇ?’

ಆಗದು. ಆ ವಿಭಾಗಕ್ಕೆ ಬೀಗ ಹಾಕಿದವಳೇ ನಾನು. ವಸಂತದಲ್ಲಿ ಒಬ್ಬ ಖದೀಮ ಅಲ್ಲಿ ಓದಿಕೊಂಡು, ನಾನೇ ನಿನ್ನ ತಮ್ಮ ಅಂತ ವಿಧವೆಯೊಬ್ಬಳ ಮನೆ ಸೇರಿ, ತಿಂಗಳುಗಟ್ಟಲೆ ಉಂಡು, ಕೊನೆಗೆ ಕುದುರೆ ಹೊಡೆದುಕೊಂಡು ಹೋದ. ಸಾಕು.

ಅಕ್ಟೋಬರ್ 9

ಮಾಯೆವ್ ಮತ್ತೆ ಬಂದಿದ್ದಾರೆ. ಅದೇ ಕಿವಿ, ಅದೇ ಬೇಡಿಕೆ. ಫೋರಂ ಕಟ್ಟಿದ ಯೆರ್ಗಾಲಿ ಭಾವ ಫೋನ್ ಮಾಡಿ, ವಯಸ್ಸಾದವರು, ಓದೋಕಾದ್ರೂ ಬಿಡಮ್ಮ ಎಂದರು. ಭಾವನಿಗೇನು, ಮೃದು ಮನುಷ್ಯ. ಜನ ಬೈಯುವುದು ಅಡ್ಮಿನ್‌ಗೆ.

ಉತ್ತರ ಬರೆದೆ — ‘ಮೊದಲು ನಿಮ್ಮ ತಂದೆಯರನ್ನು ಕಲಿತು ಬನ್ನಿ. ಆಮೇಲೆ ಒಳಗೆ.’

ಕೆಳಗೆ ಸಹಿ: ಅಡ್ಮಿನ್. ಚೆನ್ನಾಗಿ ಬರೆದೆ ಅನ್ನಿಸಿತು.

ಅಕ್ಟೋಬರ್ 14

ಮೂರನೆಯ ಸಲ! ‘ಅಕ್ಕನ ಬೆನ್ನಿನ ನೆನಪಿದೆ. ಹೊತ್ತು ತಂದು ಮೆಟ್ಟಿಲ ಮೇಲೆ ಕೂರಿಸಿದಳು.’ ಅಕ್ಕ ಯಾರಿಗಿಲ್ಲ? ಬ್ಲಾಕ್ ಮಾಡಿದೆ. ಪೀಡೆ ಕಳೆಯಿತು. ಬೆಶ್ಬರ್ಮಕ್ ಹೊಟ್ಟೆ ತುಂಬ ಉಂಡೆ.

ನವೆಂಬರ್ 3



ಮೆರ್ಕೆಯಿಂದ ಶೋಲ್ಪಾನ್ ಬರೆದಿದ್ದಳು. ಅವಳ ಅತ್ತೆ ರಾಬಿಗಾ ಅಜ್ಜಿ ಹಾಸಿಗೆ ಹಿಡಿದಿದ್ದಾರೆ. ‘ಅತ್ತೆ ದಿನಾ ಕೇಳ್ತಾರೆ, ತಮ್ಮನ ವಿಷಯ ಹಾಕಿದ್ದಕ್ಕೆ ಯಾರಾದ್ರೂ ಏನಾದ್ರೂ ಬರೆದರಾ ಅಂತ.’ ಬೀಗದೊಳಗಿನ ಆ ಪೋಸ್ಟ್ ತೆರೆದೆ. ಎರಡು ವರ್ಷದ ಹಿಂದಿನದು.

‘ತಮ್ಮ ತುರ್ಸಿನ್. ಅವನಿಗಿಂತ ಮುಂಚಿನ ಗಂಡುಮಕ್ಕಳು ಉಳಿಯಲಿಲ್ಲವೆಂದು ಅವನ ಬಲಗಿವಿ ಚುಚ್ಚಿಸಿದ್ದರು, ಸಾವು ಹೆಣ್ಣೆಂದುಕೊಂಡು ಬಿಟ್ಟುಹೋಗಲಿ ಅಂತ. ಅಲ್ಲಿ ರೊಟ್ಟಿಯಾದರೂ ಸಿಗುತ್ತದೆಂದು ಅನಾಥಾಲಯದ ಮೆಟ್ಟಿಲಲ್ಲಿ ನಾನೇ ಕೂರಿಸಿ ಬಂದೆ. ಹಿಂತಿರುಗಿ ನೋಡಲಿಲ್ಲ, ನೋಡಿದರೆ ಅಳುತ್ತಾನೆಂದು.’

ಅದರ ಕೆಳಗೆ ಮೊದಲ ಉತ್ತರ ನನ್ನದೇ. ‘ಓದಿ ಅತ್ತುಬಿಟ್ಟೆ ಅಜ್ಜಿ. ದೇವರು ಕೂಡಿಸಲಿ.’

ದೇವರು ಕೂಡಿಸಲು ಹೊರಟರೆ ಬಾಗಿಲು ಹಾಕಿಕೊಂಡವಳು ನಾನು. ಥೂ.

ಅದೇ ದಿನ, ಸಂಜೆ

ಬ್ಲಾಕ್ ತೆಗೆದೆ. ಇರುವ ಪರ್ಮಿಷನ್ ಎಲ್ಲ ಕೊಟ್ಟೆ — ಓದುವುದು, ಬರೆಯುವುದು, ಹಿರಿಯರ ವಿಭಾಗ. ಜನಾರ್‌ಗೆ ಮೇಲ್ ಹಾಕಿದೆ. ಭಾವನಿಗೆ ಹೇಳಿದೆ. ಬೈಯುತ್ತಾರೆಂದು ಕಾದೆ. ‘ನಿಯಮದ ಪ್ರಕಾರ ಮಾಡಿದ್ದೀಯ, ಬಿಡಮ್ಮ’ ಎಂದರು. ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ 5

ಜನಾರ್ ನಂಬರ್ ಕಳಿಸಿದಳು. ಅಡ್ಮಿನ್ ಬ್ಲಾಕ್ ಮಾಡಿದ ಮೇಲೆ ಅಜ್ಜ ಕಂಪ್ಯೂಟರ್ ಮುಟ್ಟಲು ಬಿಡುತ್ತಿಲ್ಲವಂತೆ.

ಫೋನ್ ಮಾಡಿದೆ. ‘ನನ್ನ ಹೆಸರು ನಾಜಿಪಾ, ತರಾಜ್‌ನಿಂದ, ಮೆರ್ಕೆಯವರ ಪರವಾಗಿ ಮಾತಾಡ್ತಿದ್ದೀನಿ’ ಅಂದೆ. ಅಡ್ಮಿನ್ ಅನ್ನಲಿಲ್ಲ. ನಾಲಿಗೆ ಹೊರಳಲಿಲ್ಲ.

‘ನಂಗೆ ಏಳು ಹೆಸರು ಬರಲ್ಲ ತಾಯಿ, ಮೊದಲೇ ಹೇಳಿದೀನಿ’ ಎಂದರು. ಮತ್ತೆ ಪರೀಕ್ಷೆ ಅಂದುಕೊಂಡಿದ್ದಾರೆ.

‘ಬೇಡ ಅಜ್ಜ. ಹೆಸರು ಹೇಳೋರು ಸಿಕ್ಕಿದ್ದಾರೆ.’

ಮೆರ್ಕೆಗೂ ಕರಗಂದಾಕ್ಕೂ ಫೋನ್ ಜೋಡಿಸಿ ಕೊಟ್ಟೆ. ಶೋಲ್ಪಾನ್ ಆಮೇಲೆ ಹೇಳಿದಳು: ಅತ್ತೆ ಅಳಲೇ ಇಲ್ಲ. ಮೊದಲು ಕೇಳಿದ್ದು, ‘ಅವತ್ತು ರೊಟ್ಟಿ ಕೊಟ್ರೇನೋ?’ ಕೊಟ್ಟರು ಎಂದರಂತೆ ಅವರು. ಆಮೇಲೆ ಅಜ್ಜಿ ಒಂದೊಂದೇ ಹೆಸರು ಹೇಳಿಕೊಟ್ಟರು. ನಿನ್ನ ತಂದೆ ಸೆಯಿಲ್ಖಾನ್. ಅವನ ತಂದೆ ಶೋಯಿನ್ಬೆಟ್... ಮುದುಕರು ಮಗ್ಗಿ ಕಲಿಯುವವರ ಹಾಗೆ ಹಿಂದೆ ಹಿಂದೆ ಹೇಳಿದರು. ತಂದೆಯ ಹೆಸರನ್ನು ಮಾತ್ರ ಮತ್ತೆ ಮತ್ತೆ ಹೇಳಿಸಿಕೊಂಡರಂತೆ.

ಅವರಿಗೆ ಶನಿವಾರದ ರೈಲಿಗೆ ಟಿಕೆಟ್ ಸಿಕ್ಕಿದೆ. ಭಾನುವಾರ ಮೆರ್ಕೆ.

ನವೆಂಬರ್ 7, ಶನಿವಾರ

ಬೆಳಿಗ್ಗೆ ರಾಬಿಗಾ ಅಜ್ಜಿ ಹೋಗಿಬಿಟ್ಟರು. ಮುದುಕರು ರೈಲಿನಲ್ಲಿದ್ದಾರೆ.

ಅಕ್ಟೋಬರ್ ಆರಕ್ಕೇ ಬಿಟ್ಟಿದ್ದರೆ...

ನವೆಂಬರ್ 9

ನಿನ್ನೆ ಮೆರ್ಕೆಗೆ ಹೋಗಿದ್ದೆ. ತಮ್ಮ ಬರಲೆಂದು ಮಣ್ಣು ಮಾಡದೆ ಕಾದಿದ್ದರು. ಮುದುಕರು ಬಂದರು. ಸಣ್ಣ ಆಳು, ದೊಡ್ಡ ಕೋಟು. ಬಲಗಿವಿಯಲ್ಲಿ ತೂತು. ಮನೆಯ ಹೆಂಗಸರೆಲ್ಲ ಆ ಕಿವಿಯನ್ನು ಮುಟ್ಟಿ ಮುಟ್ಟಿ ಅತ್ತರು.

ಅಜ್ಜ ನನ್ನ ಎರಡೂ ಕೈ ಹಿಡಿದುಕೊಂಡರು. ‘ನೀನೇ ಅಲ್ವೇನಮ್ಮ ಹುಡುಕಿಕೊಟ್ಟೋಳು? ಅಕ್ಕನ ಧ್ವನಿನಾದ್ರೂ ಕೇಳಿಸ್ದೆ. ಆ ಅಡ್ಮಿನ್ ಕೈಲಿ ಬಿಟ್ಟಿದ್ರೆ ಅದೂ ಇರ್ತಿರ್ಲಿಲ್ಲ.’

ಹೇಳಬೇಕಿತ್ತು. ಜನ ಇದ್ದರು, ಶೋಲ್ಪಾನ್ ಚಹಾ ತಂದಳು, ಯಾರೋ ಕುರಾನ್ ಓದಲು ಶುರು ಮಾಡಿದರು. ಇವೆಲ್ಲ ನೆಪ. ಹೇಳಲಿಲ್ಲ. ಅವರ ಆಶೀರ್ವಾದ ಇಸಿದುಕೊಂಡು ಬಂದೆ, ಕದ್ದ ಹಾಗೆ.

ನವೆಂಬರ್ 16

ಒಂದು ವಾರ ಫೋರಂ ತೆರೆದಿರಲಿಲ್ಲ. ಇವತ್ತು ತೆರೆದರೆ ಹೊಸಬರ ಸಾಲಿನಲ್ಲಿ ಒಂದೇ ಅರ್ಜಿ. ತುರ್ಸಿನ್ ಸೆಯಿಲ್ಖಾನ್‌ಉಲಿ, ಸೆಯಿಲ್ಖಾನನ ಮಗ. ಕೆಳಗೆ ಏಳು ಹೆಸರು. ಒಂದೂ ತಪ್ಪಿಲ್ಲ.

‘ಅಡ್ಮಿನ್ ಅವರಿಗೆ. ಬಾಗಿಲು ಆಗಲೇ ತೆರೆದಿದೆ ಎನ್ನುತ್ತಾಳೆ ಮೊಮ್ಮಗಳು. ಪರೀಕ್ಷೆ ಕೊಡದೆ ಬರಲು ಮನಸ್ಸಾಗಲಿಲ್ಲ. ನೀವು ಹೇಳಿದಂತೆ ನನ್ನ ತಂದೆಯರನ್ನು ಕಲಿತು ಬಂದಿದ್ದೇನೆ. ಈಗ ಒಳಗೆ ಬರಬಹುದೇ? ಅನುಮಾನವಿದ್ದರೆ ತರಾಜ್‌ನ ನಾಜಿಪಾ ಎಂಬವಳನ್ನು ಕೇಳಿ. ಬಹಳ ಒಳ್ಳೆಯ ಹೆಣ್ಣುಮಗಳು. ನನ್ನ ಪರವಾಗಿ ಅವಳು ಹೇಳುತ್ತಾಳೆ.’

ಚಹಾ ಆರಿಹೋಯಿತು. ಉತ್ತರ ಇಲ್ಲೇ ಬರೆದು ನೋಡುತ್ತೇನೆ, ಆಮೇಲೆ ಅಲ್ಲಿ ಹಾಕುವುದು.

‘ಅಜ್ಜ, ಬನ್ನಿ. ಆದರೆ ಅದಕ್ಕೆ ಮೊದಲು ಒಂದು ಮಾತು. ಆ ಅಡ್ಮಿನ್ —