ಕೀಲಿಕೈ ಕೊಟ್ಟವರು ಗುರುತು ಹೇಳಲಿಲ್ಲ

ಗೋವೆಯ ಗಡಿ ದಾಟುವವರಿಗೆ ಪರವಾನಿಗೆ ಕೊಡುವ ಅಧಿಕಾರಿಗಳಿಗೆ, ಧಾರವಾಡ

ಹುಬ್ಬಳ್ಳಿ, ಮಾರ್ಚ್ ೧೯೫೮

ಮಾನ್ಯರೇ,

ತಮ್ಮ ಕಚೇರಿಯ ಅಭಿಪ್ರಾಯದಂತೆ, ಶೇವಂತಿ ಎಂಬ ಹೆಂಗಸನ್ನು ಬಲ್ಲವರು ಹುಬ್ಬಳ್ಳಿಯಲ್ಲಿ ಒಬ್ಬರೂ ಇಲ್ಲ. ಒಂಬತ್ತು ವರ್ಷಗಳಿಂದ ದೇಶಪಾಂಡೆ ನಗರದ ನಮ್ಮ ಓಣಿಯಲ್ಲಿ ನಸುಕಿಗೇ ಎದ್ದು ನಾಲ್ಕು ಮನೆಗಳ ಅಂಗಳ ಸಾರಿಸಿ, ಪಾತ್ರೆ ತಿಕ್ಕಿ, ಬಾಣಂತಿಯರಿಗೂ ಕೂಸುಗಳಿಗೂ ನೀರು ಹಾಕಿ ಬದುಕುತ್ತಿರುವ ಈ ಹೆಂಗಸು ಯಾರಿಗೂ ಗುರುತಿಲ್ಲದವಳೆಂದು ಹೇಳಿ ಅವಳ ಅರ್ಜಿಯನ್ನು ಎರಡು ಸಲ ಮರಳಿಸಲಾಗಿದೆ. ಅವಳು ಕೇಳಿದ್ದು ತನ್ನ ಒಬ್ಬಳೇ ಮಗಳ ಮದುವೆಗೆ ಊರಿಗೆ ಹೋಗಿ ಬರಲು ಹದಿನೈದು ದಿನಗಳ ಅನುಮತಿ. ಮಾಘದಲ್ಲಿ ಆಗಬೇಕಾಗಿದ್ದ ಮದುವೆ ತಮ್ಮ ಮೊದಲನೆಯ ನಿರಾಕರಣೆಯಿಂದ ವೈಶಾಖಕ್ಕೆ ಹೋಯಿತು. ವೈಶಾಖದಿಂದ ಮುಂದಕ್ಕೆ ಅದು ಹೋಗಲಾರದು. ವರನ ಕಡೆಯವರು ಹಾಗೆಂದು ಖಂಡಿತವಾಗಿ ತಿಳಿಸಿದ್ದಾರೆ. ಆದ್ದರಿಂದಲೇ ಈ ಪತ್ರವನ್ನು ತಮಗೆ ಕಳಿಸುವುದರ ಜೊತೆಗೆ ಪತ್ರಿಕೆಗೂ ಕೊಡುತ್ತಿದ್ದೇನೆ. ಮುಚ್ಚಿದ ಲಕೋಟೆಗಳನ್ನು ಓದುವಷ್ಟು ವ್ಯವಧಾನ ತಮ್ಮ ಕಚೇರಿಗೆ ಇದ್ದಂತೆ ಕಾಣುವುದಿಲ್ಲ.

ಶೇವಂತಿಯ ಊರು ಗೋವೆಯ ಕಾಣಕೋಣದ ಹತ್ತಿರ. ಕಾರವಾರದಾಚೆ ಮಾಜಾಳಿಯ ಗಡಿನಾಕೆಯನ್ನು ದಾಟಿದರೆ ಅರ್ಧ ದಿನದ ನಡಿಗೆ. ಗಂಡ ತೀರಿಕೊಂಡ ಮೇಲೆ ಮಗಳನ್ನು ಅಕ್ಕನ ಮಡಿಲಿಗೆ ಹಾಕಿ, ಕಾರವಾರದ ಒಂದು ಕುಟುಂಬದ ಸಂಗಡ ಅಡಿಗೆಗೆಂದು ಹುಬ್ಬಳ್ಳಿಗೆ ಬಂದವಳು. ಆ ಕುಟುಂಬ ಮುಂಬಯಿಗೆ ಹೋಯಿತು. ಇವಳು ನಮ್ಮ ಹಿತ್ತಲಿನ ಖೋಲಿಯಲ್ಲಿ ಉಳಿದಳು. ಆಗ ಗಡಿಯೆಂಬುದು ಇವಳಿಗೆ ತೊಡಕಾಗಿರಲಿಲ್ಲ. ಪ್ರತಿ ವರ್ಷ ಚವತಿಗೆ ಬಸ್ಸು ಹತ್ತಿ ಹೋಗಿ, ಮಗಳ ತಲೆ ಬಾಚಿ, ಹೊಸ ಪರಕಾರ ಹೊಲಿಸಿ ಕೊಟ್ಟು ಬರುತ್ತಿದ್ದಳು. ಗಡಿ ಮುಚ್ಚಿದ ಮೇಲೆ ಅದು ನಿಂತಿತು. ಪರಕಾರದ ಹುಡುಗಿ ಸೀರೆ ಉಡುವ ಹುಡುಗಿಯಾದದ್ದನ್ನು ಈ ತಾಯಿ ಕಂಡಿಲ್ಲ. ಮಗಳಿಂದ ಕೈಯಿಂದ ಕೈಗೆ ಬಂದ ಸುದ್ದಿ ಇಷ್ಟೇ: ‘ಆಯಿ ಬಂದ ಮೇಲೆಯೇ ನಾನು ಅರಿಸಿನ ಹಚ್ಚಿಕೊಳ್ಳುವುದು.’

ಇನ್ನು ತಮ್ಮ ನಿಯಮ. ಅರ್ಜಿದಾರಳನ್ನು ಎರಡು ವರ್ಷಗಳಿಗೆ ಕಡಿಮೆಯಿಲ್ಲದಂತೆ ವೈಯಕ್ತಿಕವಾಗಿ ಬಲ್ಲ ಗೆಜೆಟೆಡ್ ಅಧಿಕಾರಿಯೊಬ್ಬರು ಅವಳ ಗುರುತಿಗೂ ನಡತೆಗೂ ಸಾಕ್ಷಿ ಹೇಳಬೇಕು. ಓದಲಿಕ್ಕೆ ಬಹಳ ಗಂಭೀರವಾಗಿದೆ. ಆದರೆ ಇದನ್ನು ಬರೆದವರು ಒಂದು ಕ್ಷಣವಾದರೂ ಯೋಚಿಸಿದ್ದರೇ? ಗೆಜೆಟೆಡ್ ಅಧಿಕಾರಿಗಳನ್ನು ಸರಕಾರವೇ ಎರಡು ಮೂರು ವರ್ಷಗಳಿಗೊಮ್ಮೆ ಎತ್ತಿ ಬೇರೆ ಊರಿಗೆ ಹಾಕುತ್ತದೆ. ಒಂದೂರಿನಲ್ಲಿ ಬಹುಕಾಲ ನಿಂತವರು ಗೆಜೆಟೆಡ್ ಆಗಿರುವುದಿಲ್ಲ, ಗೆಜೆಟೆಡ್ ಆದವರು ನಿಲ್ಲುವುದಿಲ್ಲ. ನಿಂತರೂ, ಪಾತ್ರೆ ತಿಕ್ಕುವ ಹೆಂಗಸನ್ನು ‘ವೈಯಕ್ತಿಕವಾಗಿ ಬಲ್ಲೆ’ ಎಂದು ಬರೆದುಕೊಡುವ ಧೈರ್ಯ ಅವರಲ್ಲಿ ಎಷ್ಟು ಜನಕ್ಕೆ ಇದ್ದೀತು? ಬಂಗಲೆಯವರು ಬಂಗಲೆಯವರಿಗೆ ಸಾಕ್ಷಿ ಹೇಳಲು ಈ ನಿಯಮ ಹೇಳಿ ಮಾಡಿಸಿದಂತಿದೆ.

ತಮ್ಮ ನಿರಾಕರಣೆಯ ಪತ್ರದ ವಿಷಯವಾಗಿಯೂ ಒಂದು ಮಾತು. ನಾಲ್ಕು ಸಾಲುಗಳ ಆ ಪತ್ರದಲ್ಲಿ ಕರ್ತೃಪದವೇ ಇಲ್ಲ. ‘ಪರಿಶೀಲಿಸಲಾಗಿದೆ’, ‘ಸಮರ್ಪಕವಲ್ಲವೆಂದು ಕಂಡುಬಂದಿದೆ’, ‘ನಿರಾಕರಿಸಲಾಗಿದೆ’. ಯಾರು ಪರಿಶೀಲಿಸಿದರು? ಯಾರಿಗೆ ಕಂಡುಬಂತು? ಮಾಡಿದ ಕೆಲಸಕ್ಕೆ ಮಾಡಿದವನಿಲ್ಲದಂತೆ ವಾಕ್ಯ ಕಟ್ಟುವ ಐದನೆಯ ಇಯತ್ತೆಯ ಹುಡುಗಿಯನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಕಚೇರಿಗಳಲ್ಲಿ ಅದಕ್ಕೆ ಬಡ್ತಿ ಸಿಗುತ್ತದೆಂದು ಕಾಣುತ್ತದೆ. ಈ ಪತ್ರದಲ್ಲಿ ನಾನೂ ಒಂದು ಸಲ ‘ಮರಳಿಸಲಾಗಿದೆ’ ಎಂದು ಬರೆದಿದ್ದೇನೆ. ಅದು ತಮ್ಮ ಕಚೇರಿಯ ಸಹವಾಸದ ಫಲ.

ನಮ್ಮ ಓಣಿಯಲ್ಲಿ ತಮ್ಮ ನಿಯಮಕ್ಕೆ ಒಪ್ಪುವ ಅಧಿಕಾರಿ ಒಬ್ಬರೇ ಒಬ್ಬರು: ನಮ್ಮ ಎದುರು ಮನೆಯ ಸಾಹೇಬರು. ಅವರ ಹೆಸರನ್ನು ಬರೆಯುವುದಿಲ್ಲ, ಓಣಿಗೆ ಗೊತ್ತಿದೆ. ಮೂರು ವರ್ಷಗಳಿಂದ ಇಲ್ಲಿದ್ದಾರೆ. ಆ ಮೂರು ವರ್ಷವೂ ಶೇವಂತಿ ಅವರ ಮನೆಯಲ್ಲಿ ದುಡಿದಿದ್ದಾಳೆ. ನಾನು ಅರ್ಜಿಯನ್ನು ಹಿಡಿದುಕೊಂಡು ಹೋದಾಗ ಅವರು ಕುರ್ಚಿ ಕೊಟ್ಟರು, ಚಹಾ ಕೊಟ್ಟರು. ಆ ಚಹಾ ತಂದವಳೂ ಶೇವಂತಿಯೇ.

“ಅಕ್ಕೋರ, ಆಕಿ ನಮ್ಮನ್ಯಾಗ ಕೆಲಸಾ ಮಾಡ್ತಾಳ, ಖರೇ ಅದ,” ಎಂದರು. “ಆದ್ರ ಗುರ್ತ ಅದ ಅಂತ ಸರಕಾರಕ್ಕ ಹ್ಯಾಂಗ ಬರದು ಕೊಡ್ಲಿ? ಆಕಿ ಯಾರು, ಎಂಥಾಕಿ, ನನಗೇನ ಗೊತ್ತು? ನಾಳೆ ಗಡಿ ದಾಟಿ ಏನರೆ ಭಾನಗಡಿ ಮಾಡಿದ್ಲಂದ್ರ ನನ್ನ ನೌಕರಿಗೆ ಬರ್ತದ.”

“ಹೋದ ವರ್ಷ ನಿಮ್ಮ ಮೊಮ್ಮಗನ್ನ ಕಾಲ ಮ್ಯಾಲೆ ಹಾಕ್ಕೊಂಡು ಮೂರು ತಿಂಗಳು ನೀರು ಹಾಕಿದಾಕಿ ಯಾರ್ರಿ?” ಎಂದು ಕೇಳಿದೆ.

“ಅದು ಹೆಂಗಸರ ಕಾರಭಾರ ಅಕ್ಕೋರ. ನಾ ಹೊರಗ ಪೇಪರ್ ಓದ್ತಿದ್ದೆ.”

ಮಾನ್ಯರೇ, ಆ ಕೂಸಿನ ತಲೆ ಇಂದು ಗುಂಡಗಿದ್ದರೆ ಅದು ಅವಳ ಅಂಗೈಯ ಕೆಲಸ. ದಿನವೂ ಎಣ್ಣೆ ಹಚ್ಚಿ, ತೀಡಿ, ತಿದ್ದಿದವಳು ಅವಳು. ಅಜ್ಜ ಹೊರಗೆ ಪತ್ರಿಕೆ ಓದುತ್ತಿದ್ದುದರಿಂದ ಅವಳು ಗುರುತಿಲ್ಲದವಳಾದಳು. ಇದೇ ಸಾಹೇಬರು ಕುಟುಂಬ ಸಮೇತ ಪರವೂರಿಗೆ ಹೋದಾಗಲೆಲ್ಲ ಮನೆಯ ಕೀಲಿಕೈಯನ್ನು ಯಾರ ಕೈಯಲ್ಲಿ ಕೊಟ್ಟು ಹೋಗುತ್ತಾರೆ? ನನ್ನ ಕೈಯಲ್ಲಲ್ಲ. ಬಂಗಾರವಿರುವ ಕಪಾಟು, ಬೆಳ್ಳಿಯಿರುವ ದೇವರ ಮನೆ, ಎಲ್ಲವೂ ಶೇವಂತಿಯ ಸೊಂಟದ ಗಂಟಿನಲ್ಲಿ. ಮನೆಯನ್ನು ಒಪ್ಪಿಸುವಷ್ಟು ಅವಳನ್ನು ಬಲ್ಲರು. ಒಂದು ಸಹಿ ಹಾಕುವಷ್ಟು ಮಾತ್ರ ಅರಿಯದವರಾದರು.

ಮೊದಲನೆಯ ಅರ್ಜಿಯ ಮೇಲೆ ಬೇರೆ ದಾರಿಯಿಲ್ಲದೆ ನಾನೇ ಸಹಿ ಹಾಕಿದ್ದೆ. ಅದು ಮರಳಿ ಬಂತು. ಎರಡನೆಯ ಸಲ ಶೇವಂತಿಯನ್ನೂ ಅವಳನ್ನು ನಿಜವಾಗಿ ಬಲ್ಲ ಇನ್ನೊಬ್ಬರನ್ನೂ ಸಂಗಡ ಕರೆದುಕೊಂಡು, ರೈಲಿನಲ್ಲಿ ಕೂತು ತಮ್ಮ ಕಚೇರಿಗೆ ಬಂದೆ. ಅವರು ನಮ್ಮ ಓಣಿಯ ಟಾಂಗಾದ ಯಾಕೂಬಸಾಬ. ಒಂದು ದಿನದ ದುಡಿಮೆಯನ್ನು ಬಿಟ್ಟು ಬಂದಿದ್ದರು. ತಾವು ದೌರೆಯ ಮೇಲೆ ಪರವೂರಿಗೆ ಹೋಗಿದ್ದಿರಿ. ತಮ್ಮ ಕಾರಕೂನರು ಇದ್ದರು.

“ನೀವು ಗೆಜೆಟೆಡ್ ಏನ್ರಿ, ಅಕ್ಕೋರ?”

“ನಿವೃತ್ತ ಮುಖ್ಯಾಧ್ಯಾಪಿಕೆ.”

“ಹಂಗಾರ ನೀವು ಬಲ್ಲಿರಿ ಅನ್ನೋದು ನಡಿಯಂಗಿಲ್ಲ ಬಿಡ್ರಿ. ಇಂವ ಯಾರು?”

ಯಾಕೂಬಸಾಬ ಮುಂದೆ ಬಂದರು. “ನಾ ಬಲ್ಲೆರಿ ಸಾಹೇಬರ, ಈ ಬಾಯೀನ್ನ. ನಾನಷ್ಟ ಅಲ್ಲ, ನನ್ನ ಕುದರಿ ಸುದ್ದಾ ಬಲ್ಲುದು. ದಿನಾ ಗಜ್ಜರಿ ಸಿಪ್ಪಿ ತಂದು ತಿನಸ್ತಾಳ. ಈಕಿ ದನಿ ಕೇಳಿದ್ರ ಸಾಕು, ಟಾಂಗಾ ತಾನ ನಿಂದರತೈತಿ.”

“ಹಂಗಾರ ಕುದರಿ ಸಹಿ ಮಾಡಿಸ್ಕೊಂಡ ಬಾ, ಹೋಗು,” ಎಂದು ಕಾರಕೂನರು ನಕ್ಕರು.

“ಅದೂ ಗೆಜೆಟೆಡ್ ಅಲ್ರೀ. ಟಾಂಗಾದ್ದು,” ಎಂದರು ಯಾಕೂಬಸಾಬ, ನಗದೆ.

ಕಚೇರಿಯ ತುಂಬ ನಗೆಯೋ ನಗೆ. ನಗು ಮುಗಿದ ಮೇಲೆ ಕಾರಕೂನರು ಶೇವಂತಿಯ ಕಡೆ ತಿರುಗಿ, ಹಿತವಚನವೆಂಬಂತೆ ಹೇಳಿದ ಮಾತನ್ನು ತಾವು ಕೇಳಬೇಕು. “ಅಲ್ಲಬೇ, ನೀ ಗಂಡ ಸತ್ತಾಕಿ. ಮದುವಿ ಚಪ್ಪರದಾಗ ನಿನ್ನ ಯಾರು ಮುಂದ ಬಿಡ್ತಾರ? ಅಕ್ಷತಿ ಹಾಕಂಗಿಲ್ಲ, ಆರತಿ ಎತ್ತಂಗಿಲ್ಲ. ಹೋಗಿ ಮಾಡೋದರೆ ಏನೈತಿ?”

ಶೇವಂತಿ ತಲೆ ಎತ್ತಿ ಉತ್ತರ ಕೊಟ್ಟಳು: “ಅಕ್ಷತಿ ಹಾಕಾಕ ಹೊಂಟಿಲ್ರಿ ಸಾಹೇಬರ. ಆಕೀನ್ನ ನೋಡಾಕ ಹೊಂಟೇನಿ. ಅಡಿಗಿ ಮನಿ ಬಾಗಲದಾಗ ನಿಂತರೂ ಕಾಣ್ತಾಳಲ್ಲ?”

ಆಗ ಯಾರೂ ನಗಲಿಲ್ಲ. ಆದರೆ ಅರ್ಜಿಯನ್ನು ಯಾರೂ ತೆಗೆದುಕೊಳ್ಳಲೂ ಇಲ್ಲ.

ಗೋವೆ ನಮ್ಮದೇ ನೆಲ ಎಂದು ದುರ್ಗದ ಬೈಲಿನಲ್ಲಿ ನಡೆದ ಎಷ್ಟೋ ಸಭೆಗಳಲ್ಲಿ ನಾನೂ ಕುಳಿತಿದ್ದೇನೆ, ಚಪ್ಪಾಳೆಯನ್ನೂ ತಟ್ಟಿದ್ದೇನೆ. ಈಗಲೂ ತಟ್ಟುತ್ತೇನೆ. ಪರಕೀಯರು ಹೋಗಲೇಬೇಕು. ಆದರೆ ನೆಲ ನಮ್ಮದಾದ ಮೇಲೆ ಆ ನೆಲದಲ್ಲಿ ತಾಯಿಗಾಗಿ ಕಾದು ಕೂತ ಹುಡುಗಿ ಯಾರವಳು? ಶೇವಂತಿ ನಮ್ಮವಳಾದರೆ ಅವಳ ಮೇಲೆ ಇಷ್ಟು ಸಂಶಯವೇಕೆ? ಪರದೇಶದವಳಾದರೆ ತನ್ನ ದೇಶಕ್ಕೆ ಹೋಗುವವಳನ್ನು ತಡೆಯುವುದೇಕೆ? ಎರಡರಲ್ಲಿ ಯಾವುದೆಂದು ಬರೆದು ತಿಳಿಸಿರೆಂದು ಹಿಂದೆಯೇ ಕೇಳಿದ್ದೆ. ತಮ್ಮ ಕಚೇರಿ ಮೌನ ವಹಿಸಿದೆ. ಗಡಿಯಲ್ಲಿ ಎಚ್ಚರಿಕೆ ಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅವಳ ಗಂಟನ್ನು ಬಿಚ್ಚಿ ನೋಡಿರಿ, ನಾಲ್ಕು ಸಲ ಬೇಕಾದರೂ ಪ್ರಶ್ನಿಸಿರಿ. ಅವಳು ಉತ್ತರ ಹೇಳುತ್ತಾಳೆ. ಆದರೆ ಅವಳನ್ನು ಪ್ರಶ್ನಿಸುವ ಗೋಜಿಗೇ ಹೋಗದೆ, ಅವಳ ಮಾಲಕರನ್ನು ಕೇಳಿ ಅವಳು ಯಾರೆಂದು ತೀರ್ಮಾನಿಸುವುದು ಯಾವ ಸೀಮೆಯ ಎಚ್ಚರಿಕೆ?

ಕಳೆದ ಸೋಮವಾರ ನಡೆದದ್ದನ್ನು ಹೇಳಿ ಈ ಪತ್ರವನ್ನು ಮುಗಿಸುತ್ತೇನೆ. ಎದುರು ಮನೆಯವರು ಮರುದಿನ ಬೆಳಗಾವಿಗೆ ಹೊರಡುವವರಿದ್ದರು, ಸಾಹೇಬರ ತಂಗಿಯ ಮಗಳ ಮದುವೆಗೆ. ವಾಡಿಕೆಯಂತೆ ಕೀಲಿಕೈ ಶೇವಂತಿಯ ಕೈಗೆ ಬಂದಿತ್ತು. ಸಂಜೆ ನಾನು ಕಟ್ಟೆಯ ಮೇಲೆ ಕೂತಿದ್ದಾಗ ಅವಳು ಹೋಗಿ ಅದನ್ನು ಸಾಹೇಬರ ಹೆಂಡತಿ ಬಾಯಿಯವರ ಮುಂದೆ, ತುಳಸಿ ಕಟ್ಟೆಯ ಮೇಲೆ ಇಟ್ಟಳು.

“ಏನಿದು ಶೇವಂತಿ? ನಸುಕಿನ್ಯಾಗ ಹೊಂಟೇವಿ, ಈಗ ಕೀಲಿಕೈ ವಾಪಸ್ ಕೊಟ್ರ?”

“ಸಾಹೇಬರಿಗೆ ನನ್ನ ಗುರ್ತ ಇಲ್ಲಂತಲ್ರಿ, ಬಾಯಿ. ಗುರ್ತ ಇಲ್ಲದಾಕಿ ಕೈಯಾಗ ಮನಿ ಕೊಟ್ಟು ಹೋಗಬಾರದ್ರಿ. ಕಾಲ ಛಲೋ ಇಲ್ಲ.”

“ನೋಡ್ರಿ ಈಕಿ ಸೊಕ್ಕ! ನಮ್ಮ ಮದುವಿ ಹೊತ್ತಿಗೇನ ಇದನ್ನ ತಗೀಬೇಕೇನ?”

“ನನ್ನ ಮಗಳದೂ ಮದುವಿನರಿ,” ಎಂದಳು ಶೇವಂತಿ.

ಒಳಗೆ ಸಾಹೇಬರು ಕೆಮ್ಮಿದ್ದು ನನಗೆ ಕೇಳಿಸಿತು. ಹೊರಗೆ ಬರಲಿಲ್ಲ. ಮರುದಿನ ಬೆಳಗಾವಿಗೆ ಬಾಯಿಯವರು ಒಬ್ಬರೇ ಹೋದರು. ಸಾಹೇಬರು ರಜೆ ಹಾಕಿ ಮನೆ ಕಾದರು. ಇನ್ನೊಬ್ಬರಿಗೆ ಕೀಲಿಕೈ ಕೊಡಬಹುದಾಗಿತ್ತಲ್ಲವೇ? ಓಣಿಯಲ್ಲಿ ಅಷ್ಟು ಗುರುತಿನವರು ಅವರಿಗೆ ಬೇರೆ ಯಾರೂ ಇರಲಿಲ್ಲವೆಂದು ಕಾಣುತ್ತದೆ. ಇದಕ್ಕಿಂತ ದೊಡ್ಡ ದೃಢೀಕರಣವನ್ನು ಯಾವ ಗೆಜೆಟೆಡ್ ಅಧಿಕಾರಿ ಕೊಟ್ಟಾನು?

ಆ ಸೋಮವಾರ ಸಂಜೆ ಶೇವಂತಿ ಅಲ್ಲಿಂದ ನೆಟ್ಟಗೆ ನನ್ನ ಮುಂದೆ ಬಂದು, ನನ್ನ ಮನೆಯ ಕೀಲಿಕೈಯನ್ನೂ ಸೊಂಟದಿಂದ ಬಿಚ್ಚಿ ಇಟ್ಟಳು.

“ನಂದ್ಯಾಕ?” ಎಂದೆ. “ನಾ ನಿನ್ನ ಬಲ್ಲೆ ಅಂತ ಸಹಿ ಹಾಕೇನಲ್ಲ?”

“ಹಾಕೀರಿ, ಅಕ್ಕೋರ. ಅದು ನಡಿಯಂಗಿಲ್ಲಂತಲ್ಲ. ನಾಳೆ ನಾ ಇಲ್ಲಂದ್ರ ಪೊಲೀಸರು ಬಂದು ನಿಮ್ಮನ್ನ ಕೇಳೋದು ಬ್ಯಾಡ.”

ಈ ಮಾತಿನ ಅರ್ಥವನ್ನು ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ಘಟ್ಟದ ಕಾಡಿನಲ್ಲಿ ಕದ್ದು ಇಳಿದವರ ಸುದ್ದಿಯನ್ನೂ, ಇಳಿಯುವಾಗ ಬಂದೂಕಿಗೆ ಎದುರಾದವರ ಸುದ್ದಿಯನ್ನೂ ನಾವೆಲ್ಲ ಕೇಳಿದ್ದೇವೆ. ಯಾವ ಕಾಯಿದೆಯನ್ನೂ ಮುರಿಯದೆ ಬದುಕಿದವಳನ್ನು ಆ ದಾರಿಗೆ ನೂಕುತ್ತಿರುವುದು ಯಾವ ದೇಶದ್ರೋಹಿಯೂ ಅಲ್ಲ, ತಮ್ಮ ನಾಲ್ಕು ಸಾಲಿನ ಪತ್ರ. ಈ ಪತ್ರಕ್ಕೆ ತಮ್ಮ ಉತ್ತರ ಬರುವವರೆಗೆ ಎಲ್ಲಿಗೂ ಹೋಗುವುದಿಲ್ಲವೆಂದು ಅವಳಿಂದ ಮಾತು ತೆಗೆದುಕೊಂಡಿದ್ದೇನೆ. ಕೊಟ್ಟ ಮಾತನ್ನು ಅವಳು ಉಳಿಸಿಕೊಳ್ಳುತ್ತಾಳೆ. ಆದರೆ ವೈಶಾಖ ತಮ್ಮ ಉತ್ತರಕ್ಕಾಗಿ ಕಾಯುವುದಿಲ್ಲ.

ಆದುದರಿಂದ ನನ್ನದು ಕೋರಿಕೆಯಲ್ಲ, ಒತ್ತಾಯ. ಬರುವ ಅಮಾವಾಸ್ಯೆಯೊಳಗೆ ಶೇವಂತಿಗೆ ಪರವಾನಿಗೆ ಕೊಡಿರಿ. ಕೊಡುವುದಿಲ್ಲವಾದರೆ ಸ್ಪಷ್ಟವಾಗಿ ಬರೆಯಿರಿ, ಆ ವಾಕ್ಯಕ್ಕೆ ಕರ್ತೃಪದವಿರಲಿ: ‘ನಾನು ಈ ತಾಯಿಯನ್ನು ತಡೆದಿದ್ದೇನೆ’ ಎಂದು. ನನ್ನ ಸಹಿಗೆ ತಮ್ಮಲ್ಲಿ ಬೆಲೆಯಿಲ್ಲವೆಂದು ತಿಳಿದಿದ್ದೇನೆ. ನಮ್ಮ ಓಣಿಯಲ್ಲಿ ಗುರುತಿಗೆ ಯಾವುದು ಬೆಲೆಯೋ ಅದನ್ನೇ, ತಮಗೆ ಕಳಿಸುವ ಪ್ರತಿಯ ಜೊತೆಗೆ ಜಾಮೀನಾಗಿ ಇಟ್ಟಿದ್ದೇನೆ: ನನ್ನ ಮನೆಯ ಕೀಲಿಕೈ. ಇರುವುದು ಅದೊಂದೇ. ಇಷ್ಟು ವರ್ಷ ಅದು ಅವಳ ಸೊಂಟದಲ್ಲಿತ್ತು. ಮದುವೆ ಮುಗಿಸಿ ಅವಳು ಮರಳಿ ಬಂದ ದಿನ ಅದನ್ನು ಅವಳ ಕೈಗೇ ಕೊಡಿರಿ, ನನ್ನ ಕೈಗೆ ಬೇಡ. ಅಲ್ಲಿಯವರೆಗೆ ನನ್ನ ಮನೆಗೆ ಕೀಲಿ ಹಾಕುವುದಿಲ್ಲ.

ಇಂತಿ, ಸಾವಿರಾರು ಹುಡುಗಿಯರ ನಡತೆಗೆ ಸಹಿ ಹಾಕಿ, ಒಬ್ಬ ಹೆಂಗಸನ್ನು ‘ಬಲ್ಲೆ’ ಎನ್ನಲು ಅರ್ಹಳಲ್ಲವೆಂದು ಮುಪ್ಪಿನಲ್ಲಿ ತಿಳಿದುಕೊಂಡ,

ಶಿವಲಿಂಗವ್ವ ಗಬ್ಬೂರ
ನಿವೃತ್ತ ಮುಖ್ಯಾಧ್ಯಾಪಿಕೆ (ಗೆಜೆಟೆಡ್ ಅಲ್ಲ)
ದೇಶಪಾಂಡೆ ನಗರ, ಹುಬ್ಬಳ್ಳಿ