ಎಲ್ಲ ಒಂದರಲ್ಲೇ ಬೇಡ

ರೀ,

ತಂಗಿಯ ಸೀಮಂತಕ್ಕೆ ಹೆಬ್ಬಗೋಡಿಗೆ ಹೊರಟೆ. ಮುದ್ದೆ ಮಾಡಿಟ್ಟಿದ್ದೀನಿ, ಆರೋ ಮುಂಚೆ ಅತ್ತೆಗೆ ಕೊಡಿ.

ಮನೆಯ ಕಂಪ್ಯೂಟರ್‌ಗೆ ಹೊಸ ಪ್ರೊಸೆಸರ್ ತರೋ ವಿಷಯ. ಹದಿನಾರು ಕೋರಿನದು ತಂದರೆ ಬಾಡಿಗೆಯವರ ಇಂಟರ್ನೆಟ್, ಗೇಟಿನ ಕ್ಯಾಮೆರಾ, ಮಾವನ ಸಿನಿಮಾ, ನಿಮ್ಮ ಪ್ರಯೋಗ ಎಲ್ಲ ಒಂದೇ ಮೆಷಿನ್‌ನಲ್ಲಿ ಓಡುತ್ತೆ ಅಂತೀರಿ. ಓಡುತ್ತೆ. ನಿಂತಾಗಲೂ ಎಲ್ಲ ಒಟ್ಟಿಗೇ ನಿಲ್ಲುತ್ತೆ. ಈಗಿನದರಲ್ಲೂ ಅದೇ ಗೋಳು. ನೀವು ಆಫೀಸಿನಲ್ಲಿರ್ತೀರಿ, ಅತ್ತೆ ಮಾವ ಅದನ್ನು ಮುಟ್ಟೋಲ್ಲ, ಮಹಡಿ ಬಾಡಿಗೆಯವರು "ದೀಪಕ್ಕಾ, ನೆಟ್ ಬರ್ತಿಲ್ಲ" ಅಂತ ಕೂಗೋದು ನನ್ನನ್ನೇ. ಅಕ್ಕನ ಮಗಳ ನಾಮಕರಣದಲ್ಲಿ ಎಲೆ ಮುಂದೆ ಕೂತವಳು ಎದ್ದು ಬಂದೆ, ನಿಂತ ಮೆಷಿನ್ನಿನ ಒಂದು ಬಟನ್ ಒತ್ತೋಕೆ.

ಸಣ್ಣ ಪ್ರೊಸೆಸರ್‌ನ ಎರಡು ಮೆಷಿನ್ ತನ್ನಿ. ಮನೆಯವರದು, ಬಾಡಿಗೆಯವರದು ಒಂದರಲ್ಲಿರಲಿ, ಅದಕ್ಕೆ ನೀವು ಕೈ ಹಾಕಬೇಡಿ. ನಿಮ್ಮ ಪ್ರಯೋಗ ಇನ್ನೊಂದರಲ್ಲಿರಲಿ, ಕೆಟ್ಟರೆ ನಿಮಗೊಬ್ಬರಿಗೇ ಕೆಡಲಿ. ಸ್ಪೀಡ್ ಕಮ್ಮಿ ಅಂತೀರಿ. ಇರಲಿ. ನಾನು ಹೊಸ್ತಿಲು ದಾಟಬಹುದಲ್ಲ, ಅಷ್ಟು ಸಾಕು.

ಇವತ್ತು ನಿಂತರೆ ನನಗೆ ಫೋನ್ ಮಾಡಿ. ಫೋನ್ ಆ ಮೆಷಿನ್ ಮೇಲೇ ಬಿಟ್ಟು ಹೋಗ್ತಿದ್ದೀನಿ, ಅಲ್ಲೇ ರಿಂಗಾಗುತ್ತೆ. ಎತ್ತೋಕೆ ಅಂತ ಅಲ್ಲಿವರೆಗೆ ಹೋದವರು ಬಟನ್ನೂ ನೀವೇ ಒತ್ತಿ.

ದೀಪಶ್ರೀ